ಶಾಸಕರಿಗೂ ಒಂದು ಚೀಟಿ

ಗಡಿ ಕಾಯ್ದು ಬಂದ ಸೈನಿಕನಿಗೆ ಒಂದು ಬಗೆಯ ವೈದ್ಯಸೌಕರ್ಯ, ಕಾನೂನು ಮಾಡುವ ಶಾಸಕನಿಗೆ ಇನ್ನೊಂದು ಬಗೆ. ಇದು ನ್ಯಾಯವೆ? ಈ ಪ್ರಶ್ನೆಯಲ್ಲಿ ರಾಜಕೀಯದ ವಾಸನೆಯಿದೆಯೆಂದು ಕೆಲವು ಮಿತ್ರರು ಮೂಗು ಮುರಿಯಬಹುದು. ನನಗೆ ಮಾತ್ರ ಇದು ಮನೆಯ ವಿಷಯವಾಗಿಯೇ ತೋರುತ್ತದೆ.

ಸಂತೆಬಾಚಹಳ್ಳಿ ಹೋಬಳಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಕೇರಿಯವರ ಆಸ್ಪತ್ರೆ ಕಾಗದಗಳನ್ನೆಲ್ಲ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನೆರೆಮನೆಯ ನಿವೃತ್ತ ಹವಾಲ್ದಾರರು ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಗೆ ಸೇರಿದವರು. 2003ರ ಏಪ್ರಿಲ್ 1ರಂದು ಆರಂಭವಾದ ಈ ಯೋಜನೆಯಲ್ಲಿ ದರ್ಜೆಗೆ ತಕ್ಕಂತೆ ಒಮ್ಮೆ ವಂತಿಗೆ ಕಟ್ಟಬೇಕು. ಕಾಯಿಲೆ ಬಂದರೆ ಮೊದಲು ಯೋಜನೆಯ ಪಾಲಿಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿಯ ವೈದ್ಯರು ಶಿಫಾರಸು ಚೀಟಿ ಬರೆದ ಮೇಲೆಯೇ ಒಪ್ಪಂದದ ಖಾಸಗಿ ಆಸ್ಪತ್ರೆ. ತುರ್ತು ಸಂದರ್ಭಕ್ಕೂ ತೀರ ವಯಸ್ಸಾದವರಿಗೂ ವಿನಾಯಿತಿಯುಂಟು. ಉಳಿದವರಿಗೆಲ್ಲ ಚೀಟಿಯೇ ಬಾಗಿಲು. “ಸಾಲಲ್ಲಿ ನಿಲ್ಲೋದು ನಂಗೇನೂ ಹೊಸ್ದಲ್ಲ ಕಣಪ್ಪ, ಈ ಮಂಡಿಗೆ ಹೊಸ್ದು” ಎಂದು ಅವರು ನಗುತ್ತಾರೆ.

ನಮ್ಮ ತಂದೆಯವರದೂ ಇದೇ ದಾರಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಅಲ್ಲಿಯೂ ತುರ್ತಿನ ಹೊರತು ಮೊದಲು ಸರ್ಕಾರಿ ಆಸ್ಪತ್ರೆ, ಆಮೇಲೆ ಶಿಫಾರಸು ಪತ್ರ. ಈ ಕಟ್ಟಳೆ ತಪ್ಪೆಂದು ನಾನು ಹೇಳಲಾರೆ. ಸಾರ್ವಜನಿಕರ ಹಣ ಸುಮ್ಮನೆ ಸೋರಿಹೋಗಬಾರದಲ್ಲವೆ?

ಆದರೆ ಇದೇ ಹಣದಿಂದ ಚಿಕಿತ್ಸೆ ಪಡೆಯುವ ಮೂರನೆಯವರೊಬ್ಬರಿದ್ದಾರೆ. ನಮ್ಮ ವಿಧಾನಸಭೆಯ 224 ಮತ್ತು ಪರಿಷತ್ತಿನ 75 ಸದಸ್ಯರು ಖಾಸಗಿ ಆಸ್ಪತ್ರೆಯ ವೆಚ್ಚವನ್ನೂ ಬೊಕ್ಕಸದಿಂದ ಮರಳಿ ಪಡೆಯಬಲ್ಲರು. 2020ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಕೊರೋನಾ ಪಿಡುಗಿನ ನಡುವೆ, ಆಗಿನ ಮುಖ್ಯಮಂತ್ರಿ ಶ್ರೀ ಯಡಿಯೂರಪ್ಪನವರೂ ವಿರೋಧಪಕ್ಷದ ನಾಯಕ ಶ್ರೀ ಸಿದ್ದರಾಮಯ್ಯನವರೂ ಬೆಂಗಳೂರಿನ ಒಂದೇ ಖಾಸಗಿ ಆಸ್ಪತ್ರೆಗೆ ದಾಖಲಾದರು. ಸದನದಲ್ಲಿ ಯಾವುದಕ್ಕೂ ಒಮ್ಮತಕ್ಕೆ ಬಾರದವರು ಇದೊಂದರಲ್ಲಿ ಒಂದಾದರು! ಅವರು ಗುಣಮುಖರಾದದ್ದು ಸಂತೋಷವೇ. ಆದರೆ ಅದೇ ಊರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆ ದಿನಗಳಲ್ಲಿ ಬಡವರನ್ನೆಲ್ಲ ನೋಡಿಕೊಳ್ಳುತ್ತಿತ್ತು.

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಅಧ್ಯಕ್ಷರಾಗಿ ಕೂರುವ ಕುರ್ಚಿ ಬೇರೆ, ರೋಗಿಯಾಗಿ ಕೂರುವ ಬೆಂಚು ಬೇರೆ. ಎಕ್ಸ್‌ರೇ ಯಂತ್ರ ಕೆಟ್ಟಿದೆಯೆಂಬುದು ಕುರ್ಚಿಯಲ್ಲಿ ಕುಳಿತವರಿಗೆ ವರದಿಯ ಒಂದು ಸಾಲು; ಬೆಂಚಿನವರಿಗೆ ಅದು ಒಂದು ದಿನದ ಕೂಲಿ.

ಶಾಸಕರು ಖಾಸಗಿ ಆಸ್ಪತ್ರೆಗೆ ಹೋಗಲೇಬಾರದೆಂಬುದು ನನ್ನ ವಾದವಲ್ಲ. ಸ್ವಂತ ಹಣದಲ್ಲಿ ಎಲ್ಲಿಗಾದರೂ ಹೋಗಲಿ. ಬೊಕ್ಕಸದ ಹಣ ಬೇಕಾದರೆ ಮಾತ್ರ, ಹವಾಲ್ದಾರರಂತೆ, ತಮ್ಮ ಕ್ಷೇತ್ರದ ಸರ್ಕಾರಿ ವೈದ್ಯರಿಂದ ಚೀಟಿ ತರಲಿ. ತುರ್ತಿಗೆ ಎಲ್ಲರಿಗೂ ಇರುವ ವಿನಾಯಿತಿ ಅವರಿಗೂ ಇರಲಿ. ಇದೇನೂ ಲೋಕದಲ್ಲಿಲ್ಲದ ಮಾತಲ್ಲ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯಿದೆ ಬಂದಾಗ, ಸರ್ಕಾರದ ವತಿಯಿಂದ ವಿಮೆ ಪಡೆಯುವ ಕಾಂಗ್ರೆಸ್ ಸದಸ್ಯರು ಅದೇ ಕಾಯಿದೆಯಡಿ ಸಿಗುವ ವಿಮೆಯನ್ನೇ ಕೊಳ್ಳಬೇಕೆಂದು ಅದರಲ್ಲೇ ಬರೆದರು.

ಒಂದು ಆಕ್ಷೇಪಣೆಗೆ ಮಾತ್ರ ಬೆಲೆ ಕೊಡಲೇಬೇಕು. ಶಾಸಕರು ಬಂದರೆಂದರೆ ವೈದ್ಯರೆಲ್ಲ ಅವರ ಹಿಂದೆ ಓಡುತ್ತಾರೆ, ಬೆಂಚಿನ ಮೇಲಿನ ಮುದುಕಿ ಸಂಜೆಯವರೆಗೆ ಕಾಯುತ್ತಾಳೆ. ಆ ಭಯ ನಿಜವಾದುದು. ಆದರೆ ಒಂದು ದಿನ ಓಡುವ ವೈದ್ಯರು, ಶಾಸಕರ ಮನೆಯವರೂ ಅಲ್ಲಿಗೇ ಬರಬೇಕಾದರೆ, ಎಷ್ಟು ದಿನ ಓಡಿಯಾರು? ಮದ್ದಿಲ್ಲದ ಕಪಾಟನ್ನು ಎಷ್ಟು ದಿನ ಮರೆಮಾಡಿಯಾರು?

ಶಾಸಕರ ವೇತನ, ಭತ್ಯಗಳೆಲ್ಲ 1956ರ ಒಂದು ಕಾಯಿದೆಗೆ ಒಳಪಟ್ಟಿವೆ. 2025ರ ಮಾರ್ಚ್ 21ರಂದು ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಆ ಕಾಯಿದೆಗೆ ತಿದ್ದುಪಡಿ ಅಂಗೀಕಾರವಾಗಿ ಶಾಸಕರ ಮೂಲವೇತನ 40,000ದಿಂದ 80,000 ರೂಪಾಯಿಗೆ ಏರಿತು. ಈ ಚೀಟಿಯ ಕಟ್ಟಳೆಗೆ ಅದೇ ಕಾಯಿದೆಯಲ್ಲಿ ಒಂದೇ ಒಂದು ಸಾಲು ಸಾಕು.