ಆಗಾಗ ನಿಲ್ಲುವ ಕಾರಿಗೆ ನೀವೇ ಸಾಕ್ಷಿ

ಮಗುವಿಗೆ ರಾತ್ರಿಯಿಡೀ ಜ್ವರ. ಬೆಳಿಗ್ಗೆ ವೈದ್ಯರ ಬಳಿ ಹೋದಾಗ ಮೈ ತಣ್ಣಗಿರುತ್ತದೆ. ಆಗ ವೈದ್ಯರು ನೆಚ್ಚುವುದು ತಾಯಿಯ ಮಾತನ್ನೇ. ಓಡುತ್ತಿದ್ದಂತೆಯೇ ನಿಂತು, ಸ್ವಲ್ಪ ಹೊತ್ತಿನಲ್ಲಿ ಏನೂ ಆಗದಂತೆ ಸ್ಟಾರ್ಟ್ ಆಗುವ ಕಾರಿನ ಕಥೆಯೂ ಇದೇ. ಗ್ಯಾರೇಜಿನಲ್ಲಿ ಅದು ಸರಿಯಾಗಿಯೇ ಇರುತ್ತದೆ. ಮೆಕ್ಯಾನಿಕ್ ಊಹೆಯ ಮೇಲೆ ಒಂದು ಬಿಡಿಭಾಗ ಬದಲಿಸುತ್ತಾರೆ. ವಾರ ಕಳೆದು ಕಾರು ಮತ್ತೆ ನಿಲ್ಲುತ್ತದೆ. ಹೋಗುವುದು ಮನೆಖರ್ಚಿನ ಹಣ.

ಆದ್ದರಿಂದ ಕಾರಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ನಿಮಗೆ ಡ್ರೈವಿಂಗ್ ಬಾರದಿದ್ದರೂ ಪಕ್ಕದಲ್ಲಿ ಕುಳಿತು ಗಮನಿಸಬಹುದು. ಇಂಜಿನ್ ಒಮ್ಮೆಲೇ ನಿಂತಿತೇ, ಅಥವಾ ಜರ್ಕ್ ಹೊಡೆದು ನಿಂತಿತೇ? ಒಮ್ಮೆಲೇ ನಿಂತರೆ ಹೆಚ್ಚಾಗಿ ವಿದ್ಯುತ್ ಸಂಪರ್ಕದ ಮೇಲೆ ಸಂಶಯ; ಜರ್ಕ್ ಹೊಡೆದರೆ ಪೆಟ್ರೋಲ್ ಪೂರೈಕೆಯ ಮೇಲೆ. ಮೀಟರಿನ ದೀಪಗಳೂ ಅದೇ ಕ್ಷಣ ಆರಿದರೆ ಮೊದಲು ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೇ ಎಂದು ನೋಡಿಸಿ. ಅದನ್ನು ಬಿಗಿ ಮಾಡಲು ಒಂದು ಸ್ಪ್ಯಾನರ್ ಸಾಕು. ಇಂಜಿನ್ ಬಿಸಿಯಾದಾಗ ಮಾತ್ರ ನಿಂತು, ತಣಿದ ಮೇಲೆ ಸ್ಟಾರ್ಟ್ ಆಗುತ್ತದೆಯೇ? ಕ್ರ್ಯಾಂಕ್ ಸೆನ್ಸರ್ ಮತ್ತು ಪೆಟ್ರೋಲ್ ಪಂಪ್ ಪರೀಕ್ಷಿಸಬೇಕು. ಸಿಗ್ನಲ್‌ನಲ್ಲಿ ನಿಂತಾಗ, ಎಸಿ ಹಾಕಿದಾಗ ಮಾತ್ರ ಆಫ್ ಆದರೆ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಮಳೆಯಲ್ಲಿ ಮಾತ್ರವಾದರೆ ಇಗ್ನಿಷನ್ ಕಾಯಿಲ್, ಪ್ಲಗ್ ವಯರುಗಳಿಗೆ ತೇವ ತಗಲಿರಬಹುದು. ದಿನಾಂಕ, ಓಡಿದ ದೂರ, ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಇವನ್ನೂ ಬರೆಯಿರಿ.

ಕಾರಿನ ಕಂಪ್ಯೂಟರಿನಲ್ಲಿ ದೋಷದ ಕೋಡ್ ಉಳಿದಿರಬಹುದು. ಸ್ಕ್ಯಾನರ್ ಹಾಕಿ ನೋಡುವ ಮೊದಲು ಬ್ಯಾಟರಿ ಕಳಚಿದರೆ ಅದು ಅಳಿಸಿಹೋಗುವ ಸಾಧ್ಯತೆಯಿದೆ. ಆದರೆ ಕೋಡ್ ದಾರಿ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ.

ಇದು ಬರೀ ಹಣದ ಮಾತಲ್ಲ. ಶಿರಾಡಿ ಘಾಟಿಯಂತಹ ಇಳಿಜಾರಿನಲ್ಲಿ ಇಂಜಿನ್ ನಿಂತರೆ ಸ್ಟಿಯರಿಂಗ್ ಭಾರವಾಗುತ್ತದೆ. ಒಂದೆರಡು ಬಾರಿ ಒತ್ತಿದ ಮೇಲೆ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಪದೇ ಪದೇ ಒತ್ತಿ ಬಿಡದೆ, ಒಂದೇ ಸಮನೆ ಬಲವಾಗಿ ಒತ್ತಿ ಕಾರನ್ನು ಎಡಕ್ಕೆ ತರಬೇಕು. ಚಲಿಸುವಾಗ ಕೀ ತೆಗೆಯಲೇಬಾರದು, ಸ್ಟಿಯರಿಂಗ್ ಲಾಕ್ ಆಗುತ್ತದೆ. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಉರಿಸಿ, ಮಕ್ಕಳನ್ನು ಎಡಬದಿಯಿಂದಲೇ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಹೀಗೆ ಮತ್ತೆ ಮತ್ತೆ ನಿಲ್ಲುವ ಕಾರಿನಲ್ಲಿ, ದೋಷ ಪತ್ತೆಯಾಗುವವರೆಗೆ ದೂರದ ಪ್ರಯಾಣ ಬೇಡವೇ ಬೇಡ.

ಗ್ಯಾರೇಜಿಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಬಿಡಿಭಾಗ ಬದಲಿಸಬೇಕೆಂದರೆ, 'ಅದೇ ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು?' ಎಂದು ವಿನಯದಿಂದಲೇ ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.