ಗಾಡಿಯ ಥಂಡಿಜ್ವರ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆಯ ಸೋರುವ ನಲ್ಲಿಯ ಕಥೆಯನ್ನು ವಾಚಕರಲ್ಲಿ ಬಿನ್ನವಿಸಿಕೊಂಡಿದ್ದೆವಷ್ಟೆ. ಈ ಸಾರಿ ಗಾಡಿಯ ಸರದಿ.

ಪುಣೆಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಮಗೆ ಕಾರೆಂಬುದು ಅಂತಸ್ತಿಗೆ ಮೀರಿದ ವಸ್ತುವೇ ಸರಿ. ಆದರೂ ವಯಸ್ಸಾದ ತಾಯಿಯವರು ಬಸ್ಸು ಹತ್ತಿ ಇಳಿಯುವ ಪಾಡನ್ನು ನೋಡಲಾರದೆ, ಯಾರೋ ಬಳಸಿ ಮಾರಿದ ಸಣ್ಣ ಕಾರೊಂದನ್ನು ಸಾಲ ಮಾಡಿ ಕೊಂಡೆವು.

ಈ ಬೇಸಿಗೆಯಲ್ಲಿ ಮುಂಬಯಿಯ ನೆಂಟರಲ್ಲಿ ಮುಂಜಿ. ಸಕುಟುಂಬವಾಗಿ ಹೊರಟೆವು. ಖಂಡಾಳದ ಘಾಟು ಇಳಿಯುವಾಗ ಬ್ರೇಕು ಒತ್ತಿದೊಡನೆ ಸ್ಟೀರಿಂಗು ಕೈಯಲ್ಲಿ ಗಡಗಡನೆ ನಡುಗತೊಡಗಿತು. ಕಾಲು ತೆಗೆದರೆ ಶಾಂತ. ಒತ್ತಿದರೆ ಮತ್ತೆ ನಡುಕ. ಹಿಂದೆ ಕುಳಿತಿದ್ದ ತಾಯಿಯವರು, "ಯಾಕೋ, ನಿನ್ನ ಗಾಡಿಗೆ ಥಂಡಿಜ್ವರ ಬಂದದ ಏನು?" ಎಂದರು. ಮನೆಯಾಕೆ ಮಾತಾಡಲಿಲ್ಲ, ಮಗುವನ್ನು ಬಿಗಿಯಾಗಿ ಹಿಡಿದುಕೊಂಡಳು. ನಮಗೆ ಆ ಮೌನವೇ ಹೆಚ್ಚು ದಿಗಿಲು ಹುಟ್ಟಿಸಿತು. ಎರಡನೆಯ ಗೇರಿಗೆ ಇಳಿಸಿ, ಇರುವೆಯಂತೆ ಹರಿದು, ಹೇಗೋ ಖೋಪೋಲಿಯ ಮುಖ ಕಂಡೆವು.

ಊರಿಗೆ ಮರಳಿದೊಡನೆ ಒಂದು ದೊಡ್ಡ ಗ್ಯಾರೇಜಿಗೆ ಹೋದೆವು. ಅಲ್ಲಿಯ ತರುಣನು ಗಾಡಿಯನ್ನು ಮುಟ್ಟಿಯೂ ನೋಡಲಿಲ್ಲ. ಡಿಸ್ಕು, ಪ್ಯಾಡು, ಡ್ರಮ್ಮು, ಬುಷ್ಷು ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದು 18,000 ರೂಪಾಯಿಯ ಅಂದಾಜು ಪಟ್ಟಿಯನ್ನು ಕೈಗಿತ್ತನು. ನಮಗೂ ಜ್ವರ ಬಂದಿತು.

ನಮ್ಮ ಕಚೇರಿಯ ಡ್ರೈವರು ಮರುಕಪಟ್ಟು ತನಗೆ ಗುರುತಿದ್ದ ಮುದುಕ ಮಿಸ್ತ್ರಿಯೊಬ್ಬನಲ್ಲಿಗೆ ಕರೆದೊಯ್ದನು. ಈತ ಪಟ್ಟಿ ಬರೆಯಲಿಲ್ಲ, ಪ್ರಶ್ನೆ ಕೇಳಿದ. "ಸಾಹೇಬರೆ, ನಡುಕ ಯಾವಾಗ ಬರುತ್ತದೆ? ಎಲ್ಲಿ ತಿಳಿಯುತ್ತದೆ?"

ಆತ ಮರಾಠಿಯಲ್ಲಿ ವಿವರಿಸಿದ್ದರ ಸಾರವಿಷ್ಟು. ಬ್ರೇಕು ಒತ್ತದಿದ್ದರೂ ವೇಗದಲ್ಲಿ ಗಾಡಿ ನಡುಗಿದರೆ ಮೊದಲು ಟೈರನ್ನೂ ಚಕ್ರದ ಸಮತೋಲವನ್ನೂ ನೋಡಬೇಕು. ಒತ್ತಿದಾಗ ಮಾತ್ರ ನಡುಗಿದರೆ ಸಂಶಯ ಬ್ರೇಕಿನ ಮೇಲೆ. ನಡುಕ ಸ್ಟೀರಿಂಗಿನಲ್ಲಿ ಕಂಡರೆ ಹೆಚ್ಚಾಗಿ ಮುಂದಿನ ಚಕ್ರದ್ದು, ಕುಳಿತ ಸೀಟಿನಲ್ಲಿ ಕಂಡರೆ ಹಿಂದಿನದು. ಎಬಿಎಸ್ ಇರುವ ಗಾಡಿಯಲ್ಲಿ ಥಟ್ಟನೆ ಜೋರಾಗಿ ಒತ್ತಿದಾಗ ಪೆಡಲು ಮಿಡಿಯುವುದು ರೋಗವೇ ಅಲ್ಲ.

ಮೂರನೆಯ ಪ್ರಶ್ನೆ: "ಚಕ್ರಗಳನ್ನು ಕೊನೆಗೆ ಬಿಚ್ಚಿದ್ದು ಯಾವಾಗ?" ಐದು ತಿಂಗಳ ಹಿಂದೆ ಟೈರು ಬದಲಾಯಿಸಿದ್ದೆವು. ಆಗ ಅಂಗಡಿಯ ಹುಡುಗ ಗಾಳಿಯ ಯಂತ್ರದಿಂದ ನಟ್ಟುಗಳನ್ನು ಕಿರ್ರೆಂದು ಬಿಗಿದಿದ್ದ. ಮುದುಕ ತಲೆದೂಗಿದ.

ಮುಂದಿನ ಬಲಚಕ್ರವನ್ನು ಬಿಚ್ಚಿ, ಡಿಸ್ಕಿಗೆ ಡಯಲ್ ಗೇಜು ತಾಗಿಸಿ ಒಂದು ಸುತ್ತು ತಿರುಗಿಸಿದ. ಮುಳ್ಳು 0.14 ಮಿಲಿಮೀಟರಿನಷ್ಟು ಓಲಾಡಿತು. ಅಷ್ಟರಿಂದೇನು ಎಂದುಕೊಂಡೆವು. ಆದರೆ ಎಷ್ಟೋ ಗಾಡಿಗಳಲ್ಲಿ 0.05ರಿಂದ 0.1ರವರೆಗೆ ಮಾತ್ರ ಸಲ್ಲುತ್ತದಂತೆ. ಡಿಸ್ಕನ್ನು ಕಳಚಿದಾಗ ಅದು ಕೂಡುವ ಹಬ್ಬಿನ ಮೇಲೆ ತುಕ್ಕು ಹೆಪ್ಪುಗಟ್ಟಿತ್ತು. ತುಕ್ಕಿನಿಂದಲೋ ನಟ್ಟುಗಳ ಹೆಚ್ಚುಕಡಮೆ ಬಿಗಿತದಿಂದಲೋ ಡಿಸ್ಕು ತುಸು ವಾಲಿ ಕೂಡುತ್ತದೆ. ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಪ್ಯಾಡಿಗೆ ಉಜ್ಜಿ ಅಲ್ಲಿ ಸವೆಯುತ್ತದೆ. ಇಲ್ಲವೆ ಪ್ಯಾಡಿನ ಪದಾರ್ಥ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಹೀಗೆ ದಪ್ಪ ಏರುಪೇರಾದ ಡಿಸ್ಕನ್ನು ಪ್ಯಾಡು ಹಿಡಿದಾಗ ನಡುಕ. ಕಾವಿಗೆ ಡಿಸ್ಕು ಸೊಟ್ಟಗಾಯಿತೆಂದು ಜನ ಹೇಳುವುದುಂಟು. ಬಹಳ ಸಲ ನಿಜವಾದ ಕಾರಣ ಇದೇ.

ತುಕ್ಕನ್ನು ಕೆರೆದು ಕೂಡಿಸಿದಾಗ ಮುಳ್ಳು 0.04ಕ್ಕೆ ಇಳಿಯಿತು. ಡಿಸ್ಕಿನ ದಪ್ಪ ಎಷ್ಟಕ್ಕಿಂತ ಕಡಮೆಯಾಗಬಾರದೆಂದು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮದರಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು. ಆದುದರಿಂದ ಮುಂದಿನ ಎರಡೂ ಡಿಸ್ಕುಗಳನ್ನು ಲೇತಿನಲ್ಲಿ ತೆಳುವಾಗಿ ಹೆರೆಸಿ, ಹೊಸ ಪ್ಯಾಡು ಹಾಕಿ, ನಟ್ಟುಗಳನ್ನು ಒಂದರ ಎದುರಿಗೊಂದರಂತೆ ಅಳತೆಯ ಪಾನಾದಿಂದ ಬಿಗಿದ. ದಪ್ಪ ಮಿತಿಗಿಂತ ಇಳಿದಿದ್ದರೆ, ಬಿರುಕು ಕಂಡಿದ್ದರೆ, ಎರಡು ಪಕ್ಕದವನ್ನೂ ಬದಲಿಸುವುದೇ ಕ್ರಮ. ಅಲ್ಲಿ ಉಳಿತಾಯ ಸಲ್ಲದು. ನಮಗೆ ತಗಲಿದ್ದು 3,900 ರೂಪಾಯಿ.

ಬರುವಾಗ ಹಿತವಚನವೂ ದೊರೆಯಿತು. ಹೊಸ ಪ್ಯಾಡಿಗೆ ಖಾಲಿ ರಸ್ತೆಯಲ್ಲಿ 60ರ ವೇಗದಿಂದ 20ಕ್ಕೆ ಮೆಲ್ಲನೆ ಹತ್ತು ಸಲ ಇಳಿಸಿ ರೂಢಿ ಮಾಡಿಸಿರಿ, ನಡುವೆ ಪೂರ್ತಿ ನಿಲ್ಲಿಸಬೇಡಿ. ಘಾಟಿನಲ್ಲಿ ಬ್ರೇಕಿನ ಮೇಲೆ ಕಾಲೂರಿಕೊಂಡು ಇಳಿಯದೆ ಕೆಳಗಿನ ಗೇರು ಹಾಕಿರಿ.

ಮನೆಗೆ ಬರುವ ದಾರಿಯಲ್ಲಿ ಗಾಡಿ ನಡುಗಲಿಲ್ಲ. ನಾವು ಮಾತ್ರ ಒಳಗೊಳಗೇ ನಡುಗಿದೆವು. ಗಾಡಿಯನ್ನು ನೋಡದೆಯೇ ಎಲ್ಲವನ್ನೂ ಬದಲಿಸೆಂದ ಗ್ಯಾರೇಜಿನವನನ್ನು ಮನಸಾರೆ ಬೈದಿದ್ದೆವಲ್ಲ? ಹಿಂದಿನ ವಾರವೇ ಒಬ್ಬ ವಿಧವೆಯ ಪಿಂಚಣಿಯ ಕಡತದ ಮೇಲೆ, "ಎಲ್ಲ ದಾಖಲೆಗಳನ್ನೂ ಹೊಸದಾಗಿ ಲಗತ್ತಿಸತಕ್ಕದ್ದು" ಎಂದು ಷರಾ ಬರೆದವರು ನಾವೇ. ಆಕೆ ಬಂದು ಹೋದದ್ದು ಅದು ಮೂರನೆಯ ಸಲ.

ಸೋಮವಾರ ಆ ಕಡತವನ್ನು ಬಿಚ್ಚಿ ಮೊದಲ ಪುಟದಿಂದ ಓದಿದೆವು. ಕೊರತೆ ಇದ್ದದ್ದು ಒಂದೇ ಒಂದು ರುಜು. ಅದೂ ಆಕೆಯದಲ್ಲ, ನಮ್ಮ ಕಚೇರಿಯದೇ. ಸಂಜೆಯೊಳಗೆ ಹಾಕಿಸಿ ಕಳುಹಿಸಿದೆವು.