ತಪ್ಪು ಉತ್ತರಕ್ಕೂ ಬೆಲೆಯಿದೆ

ನಮ್ಮ ಶಾಲೆಗಳಲ್ಲಿ ಮಗುವಿನ ತಪ್ಪು ಉತ್ತರಕ್ಕೆ ಸಿಗುವುದು ಕೆಂಪು ಶಾಯಿಯ ಒಂದು ಗೀಟು ಮಾತ್ರ. ಎಷ್ಟು ಸರಿಯಿತ್ತು, ಎಲ್ಲಿ ತಪ್ಪಿತು ಎಂಬುದನ್ನು ಆ ಗೀಟು ಹೇಳುವುದಿಲ್ಲ. ಅದನ್ನು ಹೇಳುವುದನ್ನೇ ನಿಯಮವಾಗಿಸಿಕೊಂಡ ಆಟವೊಂದಿದೆ. ಅದು ಮಾಸ್ಟರ್‌ಮೈಂಡ್.

ಇಸ್ರೇಲಿನ ಮೊರ್ದೆಕೈ ಮೈರೊವಿಟ್ಜ್ ರೂಪಿಸಿದ ಈ ಆಟವನ್ನು 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಇನ್‌ವಿಕ್ಟಾ ಪ್ಲಾಸ್ಟಿಕ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. ಆಡುವವರು ಇಬ್ಬರು. ಒಬ್ಬರು ಆರು ಬಣ್ಣಗಳಿಂದ ಆಯ್ದ ನಾಲ್ಕು ಗೂಟಗಳನ್ನು ಮರೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಒಂದೇ ಬಣ್ಣ ಮತ್ತೆ ಬರಬಹುದು. ಇನ್ನೊಬ್ಬರು ಆ ಸಾಲನ್ನು ಊಹಿಸಬೇಕು. ಬಣ್ಣವೂ ಜಾಗವೂ ಸರಿಯಿದ್ದರೆ ಒಂದು ಕರಿ ಗೂಟ, ಬಣ್ಣ ಸರಿಯಿದ್ದು ಜಾಗ ತಪ್ಪಿದ್ದರೆ ಒಂದು ಬಿಳಿ ಗೂಟ ಉತ್ತರವಾಗಿ ಸಿಗುತ್ತದೆ. ಕಾಗದದ ಮೇಲೆ ಅಂಕಿಗಳಿಂದ ಆಡುವ ಇದರ ರೂಪ ಇನ್ನೂ ಹಳೆಯದು.

ಸಾಧ್ಯವಿರುವ ಸಾಲುಗಳು ಒಟ್ಟು 1296. ಮೊದಲ ಊಹೆಯಲ್ಲಿ ಎರಡು ಕೆಂಪು, ಎರಡು ಹಸಿರು ಇಟ್ಟಿರೆನ್ನಿ. ಉತ್ತರವಾಗಿ ಒಂದು ಗೂಟವೂ ಬರಲಿಲ್ಲ. ನೋಡುವವರಿಗೆ ಇದು ಪೂರ್ಣ ಸೋಲು. ಆದರೆ ಕೆಂಪು, ಹಸಿರು ಎರಡೂ ಇಲ್ಲವೆಂದು ತಿಳಿದ ಕ್ಷಣವೇ 1040 ಸಾಲುಗಳು ಅಳಿದು, ಉಳಿಯುವುದು 256 ಮಾತ್ರ. ಜಾಣತನದಿಂದ ಆಡಿದರೆ ಯಾವುದೇ ಸಾಲನ್ನು ಐದು ಊಹೆಗಳೊಳಗೆ ಹಿಡಿಯಬಹುದೆಂದು ಗಣಕ ವಿಜ್ಞಾನಿ ಡೊನಾಲ್ಡ್ ನುತ್ 1977ರಲ್ಲಿ ತೋರಿಸಿದರು.

ಈಗ ತರಗತಿಗೆ ಬರೋಣ. 48ಕ್ಕೆ 27 ಕೂಡಿಸಿದ ಮಗು 615 ಎಂದು ಬರೆಯುತ್ತದೆ. ಎಂಟೂ ಏಳೂ ಹದಿನೈದು, ನಾಲ್ಕೂ ಎರಡೂ ಆರು. ಎರಡು ಕೂಡಿಕೆಗಳೂ ಸರಿ. ದಶಕದ ಒಂದನ್ನು ಅದರ ಜಾಗಕ್ಕೆ ಒಯ್ದಿಲ್ಲ, ಅಷ್ಟೇ. ಇದಕ್ಕೆ ಸಲ್ಲಬೇಕಾದದ್ದು ಬಿಳಿ ಗೂಟ. ನಾವು ಕೊಡುವುದು ಸೊನ್ನೆ. ಹೀಗೆ ಎರಡು ಬಾರಿ ಸೊನ್ನೆ ಪಡೆದ ಮಗು ಮೂರನೆಯ ಬಾರಿ ಕೈ ಎತ್ತುವುದಿಲ್ಲ.

ಈ ಮೌನ ಹೆಚ್ಚು ಬಾಧಿಸುವುದು ಹೂಗ್ಯಂನಂಥ ಊರುಗಳ ಮಕ್ಕಳನ್ನು ಎಂದು ನನ್ನ ಭಾವನೆ. ಹನೂರು ತಾಲ್ಲೂಕಿನ ಈ ಊರಿರುವುದು ಮಲೆ ಮಹದೇಶ್ವರ ಕಾಡಿನ ಸೀಮೆಯಲ್ಲಿ. ತಮಿಳುನಾಡಿನ ಗಡಿಗೆ ಹತ್ತಿರವಾದ ಈ ಭಾಗದಲ್ಲಿ ಮನೆಯಲ್ಲಿ ತಮಿಳನ್ನೋ ಸೋಲಿಗ ನುಡಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಉತ್ತರಿಸಬೇಕಾದ ಮಕ್ಕಳಿದ್ದಾರೆ. ಅವರಿಗೆ ತಪ್ಪಿನ ಭಯ ಇಮ್ಮಡಿ. ಈ ಆಟಕ್ಕೆ ಭಾಷೆಯ ಹಂಗಿಲ್ಲ. ಪೇಟೆಯ ಪ್ಲಾಸ್ಟಿಕ್ ಪೆಟ್ಟಿಗೆಯೂ ಬೇಕಿಲ್ಲ. ಹುಣಿಸೆ ಬೀಜ, ಹೊಂಗೆ ಬೀಜ, ಅವರೆ, ಹುರುಳಿ, ಅಲಸಂದೆ, ಮುಸುಕಿನ ಜೋಳ ಇದ್ದರೆ ಆರು ಬಣ್ಣಗಳಾದವು. ಮರೆಗೆ ಒಂದು ಸ್ಲೇಟು, ಉತ್ತರಕ್ಕೆ ಕರಿಯ, ಬಿಳಿಯ ಕಲ್ಲುಗಳು ಸಾಕು.

ಪಾಠ ಮುಗಿಸುವುದೇ ಕಷ್ಟವಾಗಿರುವಾಗ ಆಟಕ್ಕೆ ಹೊತ್ತೆಲ್ಲಿದೆ ಎಂದು ಶಿಕ್ಷಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಚ್.ಡಿ. ಕೋಟೆಯೆಂಬ ಇನ್ನೊಂದು ಕಾಡಂಚಿನ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ', ಆಟವೂ ಪಾಠವೇ ಎಂಬ ನಂಬಿಕೆಯ ಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ನಾನು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ, ವಾರಕ್ಕೆ ಅರ್ಧ ಗಂಟೆಯನ್ನು.

ಆಟದ ಇನ್ನೊಂದು ನಿಯಮ ಹಿರಿಯರಿಗೆ ಸಂಬಂಧಿಸಿದ್ದು. ಸಾಲು ಬಚ್ಚಿಟ್ಟವರು ಒಂದು ಗೂಟವನ್ನು ತಪ್ಪಾಗಿ ಇಟ್ಟರೂ ಎದುರಿನವರ ಅಷ್ಟೂ ತರ್ಕ ವ್ಯರ್ಥವಾಗುತ್ತದೆ. ಉತ್ತರ ಹುಡುಕುವ ಹೊಣೆ ಮಗುವಿನದಾದರೆ, ಅದು ಎಷ್ಟು ಹತ್ತಿರ ಬಂದಿದೆಯೆಂದು ಪ್ರಾಮಾಣಿಕವಾಗಿ ತಿಳಿಸುವ ಹೊಣೆ ನಮ್ಮದು. ಉತ್ತರಪತ್ರಿಕೆ ತಿದ್ದುವಾಗ ಗೀಟಿನ ಪಕ್ಕದಲ್ಲಿ ಒಂದು ಸಾಲು ಬರೆಯುವುದರಿಂದ ಈ ಕೆಲಸ ಆರಂಭವಾಗಲಿ.